ಡಬ್ಬಿ ಖಾಲಿ ಬರಲಿ, ರಾಯರೇ

ಬೆಳಿಗ್ಗೆಯಿಂದ ನಮ್ಮ ಮನೆಯ ಬಾಗಿಲ ಮುಂದೆ ಒಂದು ಸ್ಟೀಲ್ ಡಬ್ಬಿ ಕೂತಿದೆ. ನಮ್ಮದೇ ಡಬ್ಬಿ. ಮುಚ್ಚಳದ ಮೇಲೆ ನಮ್ಮಮ್ಮನ ಹೆಸರನ್ನು ಚುಕ್ಕಿ ಚುಕ್ಕಿಯಾಗಿ ಕೆತ್ತಿದೆ, ಮೈಸೂರಿನ ಪಾತ್ರೆ ಅಂಗಡಿಯಲ್ಲಿ ಕೆತ್ತಿಸಿದ್ದು. ಪಕ್ಕದ ಮನೆಯ ಅಬಾ ಆಂಟಿ ಅದನ್ನು ವಾಪಸ್ ತಂದಿಟ್ಟು, ಬೆಲ್ ಒತ್ತಿ, ನಾನು ಕೈ ಒರೆಸಿಕೊಂಡು ಬರುವಷ್ಟರಲ್ಲಿ ತಮ್ಮ ಮನೆ ಸೇರಿಕೊಂಡುಬಿಟ್ಟಿದ್ದಾರೆ. ನಾನು ಕಿಟಕಿಯಿಂದ ಅದನ್ನೇ ನೋಡುತ್ತಾ ಒಂದು ಲೋಟ ಕಾಫಿ ಮುಗಿಸಿ ಇನ್ನೊಂದನ್ನು ಶುರು ಮಾಡಿದ್ದೇನೆ. ಎತ್ತಿಕೊಂಡರೆ ಭಾರ ಗೊತ್ತಾಗಿಬಿಡುತ್ತದೆ, ಅದಕ್ಕೇ ಎತ್ತಿಲ್ಲ. ಮನಸ್ಸಿನಲ್ಲಿ ಒಂದೇ ಪ್ರಾರ್ಥನೆ: ರಾಯರೇ, ಇದು ಖಾಲಿ ಇರಲಿ.

ನಮ್ಮಮ್ಮ ಇದನ್ನು ಕೇಳಿದ್ದರೆ ನನ್ನನ್ನು ಮನೆಯಿಂದ ಆಚೆ ಹಾಕುತ್ತಿದ್ದರು. ಕೊಟ್ಟ ಪಾತ್ರೆಯನ್ನು ಖಾಲಿ ವಾಪಸ್ ಕೊಡುವವರನ್ನು ಅಮ್ಮ ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ. ಮನೆಯಲ್ಲಿ ಏನೂ ಇಲ್ಲವೇ? ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡಬೇಕು. ಎದುರುಮನೆಯವರು ಒಮ್ಮೆ ಹುಳಿಯ ಪಾತ್ರೆಯನ್ನು ಬರಿದೇ ತಂದುಕೊಟ್ಟಿದ್ದಕ್ಕೆ ಅಮ್ಮ ಅವರ ಮಗಳ ಮದುವೆಗೆ ಹೋಗಿ, ಹೊಟ್ಟೆತುಂಬ ಉಂಡು, ಪಾಯಸ ತಳ ಹಿಡಿದಿತ್ತು ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದರು. ಅಂಥವರ ಮಗಳು ನಾನು. ಖಾಲಿ ಡಬ್ಬಿಗಾಗಿ ರಾಯರಿಗೆ ಹರಕೆ ಹೊರುವ ಸ್ಥಿತಿಗೆ ಹೇಗೆ ಬಂದೆ ಎನ್ನುವುದನ್ನು ಹೇಳುತ್ತೇನೆ. ಡಬ್ಬಿ ಎಲ್ಲೂ ಓಡಿಹೋಗುವುದಿಲ್ಲ, ಕೂತುಕೊಳ್ಳಿ.

ಎರಡು ಸಾವಿರದ ಇಪ್ಪತ್ತು. ನಾರ್ತ್ ಕೆರೊಲಿನಾದ ಮಾರಿಸ್‌ವಿಲ್‌ನಲ್ಲಿ ನಾವೆಲ್ಲ ಮನೆಯೊಳಗೇ ಬಂದಿ. ನನ್ನ ಗಂಡ ರಘು ಬೆಡ್‌ರೂಮನ್ನೇ ಆಫೀಸ್ ಮಾಡಿಕೊಂಡು, ನಾನು ಬಾಗಿಲು ತೆಗೆದಾಗಲೆಲ್ಲ "ಕಾಲ್‌ನಲ್ಲಿದೀನಿ" ಎಂದು ಕೈ ಬೀಸುತ್ತಿದ್ದ. ಮಗಳು ನಿಧಿಗೆ ಮಹಡಿಯ ಮೇಲೇ ಸ್ಕೂಲು. ನನಗೋ ಆಗ ಕೆಲಸದ ಪರ್ಮಿಟ್ ಇರಲಿಲ್ಲ. ಇದ್ದಬದ್ದ ಶಕ್ತಿಯೆಲ್ಲ ಅಡುಗೆಮನೆಗೆ. ಇಡೀ ಸಂಸಾರ ಇನ್ನು ಸಾಕಮ್ಮಾ ಎನ್ನುವಷ್ಟು ತಿಂಡಿ ಮಾಡುತ್ತಿದ್ದೆ. ಅಂಥ ಹೊತ್ತಿನಲ್ಲಿ ನಮ್ಮ ಟೌನ್‌ಹೌಸಿಗೆ ಗೋಡೆ ಅಂಟಿಕೊಂಡ ಪಕ್ಕದ ಮನೆಗೆ ಒಬ್ಬ ಎತ್ತರದ ಹೆಂಗಸು ಬಂದಿಳಿದರು. ವಯಸ್ಸು ಎಪ್ಪತ್ತರ ಆಸುಪಾಸು, ತಲೆಗೆ ಹಳದಿ ಬಟ್ಟೆಯ ದೊಡ್ಡ ಸುತ್ತು, ಮುಖಕ್ಕೆ ಮಾಸ್ಕು, ಜೊತೆಗೆ ಯಾರೂ ಇಲ್ಲ. ಟ್ರಕ್ಕಿನಿಂದ ಬರೀ ಪುಸ್ತಕದ ಪೆಟ್ಟಿಗೆಗಳು ಇಳಿದವು. ಒಂದು ಕುಕ್ಕರ್ ಕೂಡ ಕಾಣಲಿಲ್ಲ.

"ಪಾಪ ಕಣೋ, ಒಬ್ರೇ ಇದಾರೆ. ಏನ್ ತಿಂತಾರೋ ಏನೋ" ಎಂದೆ.

"ಅವ್ರು ನಿನ್ನ ಕೇಳಿದ್ರಾ?" ಎಂದ ರಘು. ಈ ಮನುಷ್ಯನಿಗೆ ನೆರೆಹೊರೆ ಎಂದರೆ ವೈಫೈ ಪಾಸ್‌ವರ್ಡ್ ಮಾತ್ರ.

ಬಿಸಿಬೇಳೆಬಾತ್ ಮಾಡಿ, ಮೇಲೆ ತುಪ್ಪ ಸುರಿದು, ಅಮ್ಮನ ಡಬ್ಬಿಗೆ ತುಂಬಿ ಅವರ ಬಾಗಿಲಲ್ಲಿಟ್ಟು, ಬೆಲ್ ಒತ್ತಿ, ಆಗಿನ ಪದ್ಧತಿಯಂತೆ ಆರಡಿ ಹಿಂದೆ ಸರಿದು ನಿಂತೆ. ಅವರು ಬಾಗಿಲು ತೆಗೆದು, ಡಬ್ಬಿ ನೋಡಿ, ನನ್ನನ್ನು ನೋಡಿ, ಎದೆಯ ಮೇಲೆ ಕೈಯಿಟ್ಟುಕೊಂಡರು. ಹೆಸರು ಅಬಾ, ಊರು ಘಾನಾ ದೇಶದ ಕಡಲ ತೀರ. ಅವರ ಕಡೆ ಹುಟ್ಟಿದ ವಾರವೇ ಹೆಸರಂತೆ. ಅಬಾ ಎಂದರೆ ಗುರುವಾರ ಹುಟ್ಟಿದವಳು. ರಾಯರ ವಾರ! ನನಗೆ ಅಲ್ಲೇ ಅರ್ಧ ನೆಂಟಸ್ತನ ಕುದುರಿಹೋಯಿತು. "ಆಂಟಿ ಅಂತ ಕರೀಬಹುದಾ?" ಎಂದು ಕೇಳಿದೆ. ಅವರೂರಿನಲ್ಲೂ ದೊಡ್ಡವರಿಗೆಲ್ಲ ಆಂಟಿ ಎಂದೇ ಕರೆಯುವುದಂತೆ. ಅಂದಹಾಗೆ, ಅವರು ಮಾತಾಡುವುದು ಇಂಗ್ಲಿಷು. ನನ್ನ ಕಿವಿಗೆ ಬೀಳುವಷ್ಟರಲ್ಲಿ ಅದು ಮೈಸೂರಿನ ಕನ್ನಡವಾಗಿರುತ್ತದೆ, ಹಾಗೇ ಬರೆಯುತ್ತೇನೆ.

ಎರಡು ದಿನ ಬಿಟ್ಟು ಡಬ್ಬಿ ವಾಪಸ್ ಬಂತು. ತೆಗೆದರೆ ಒಳಗೆ ಹಣ್ಣಾದ ದೊಡ್ಡ ಬಾಳೆಯನ್ನು ಶುಂಠಿ, ಖಾರ ಹಚ್ಚಿ ಕರಿದ ತುಂಡುಗಳು. ಸಿಹಿ, ಖಾರ, ಬಿಸಿ ಮೂರೂ ಒಟ್ಟಿಗೆ. ಮಹಡಿಯಿಂದ ನಿಧಿ ಓಡಿಬಂದಳು, ಕಾಲ್‌ನಲ್ಲಿದ್ದ ರಘುವೂ ಬಂದ. ನಾನು ತಿನ್ನುವ ಮೊದಲೇ ಶರಾ ಬರೆದುಬಿಟ್ಟೆ: "ನೋಡಿದ್ರಾ, ಸಂಸ್ಕಾರವಂತರು. ಖಾಲಿ ಕಳಿಸ್ಲಿಲ್ಲ."

ಅಲ್ಲಿಂದ ಶುರುವಾಯಿತು ನೋಡಿ. ಅವರು ಡಬ್ಬಿ ತುಂಬಿ ಕಳಿಸಿದ ಮೇಲೆ ನಾನು ಸುಮ್ಮನಿರುವುದುಂಟೇ? ಪುಳಿಯೋಗರೆ ಹೋಯಿತು, ಅಲಸಂದೆ ಹಾಕಿದ ಅನ್ನ ಬಂತು. ಕೋಡುಬಳೆ ಹೋಯಿತು, ಕಡಲೆಕಾಯಿಯ ಸಾರು ಬಂತು. ಒಂದು ಸಲ ಬಂದ ಕೆಂಪನ್ನದಲ್ಲಿ ಏನೋ ವಾಸನೆ ಎನಿಸಿ ಹಿಂಜರಿಯುತ್ತ ಕೇಳಿದೆ. ಒಣಗಿದ ಸೀಗಡಿಯ ಪುಡಿಯಂತೆ. ನಾವು ತಿನ್ನುವುದಿಲ್ಲ ಎಂದಾಗ ಅವರು ಎಷ್ಟು ನೊಂದುಕೊಂಡರೆಂದರೆ ನಾನೇ ಸಮಾಧಾನ ಮಾಡಬೇಕಾಯಿತು. ಮಾರನೆಯ ವಾರ ನಮಗಾಗಿಯೇ ಬೇರೆ ಪಾತ್ರೆ, ಬೇರೆ ಸೌಟು, ಬೇರೆ ಎಣ್ಣೆ ತಂದುಕೊಂಡರು. ಬಾಳೆಗಾಗಿ ರಾಲೀ ತನಕ ಡ್ರೈವ್ ಮಾಡಿಕೊಂಡು ಹೋಗುತ್ತಿದ್ದರು. ನಾನು ಹಿರಿಹಿರಿ ಹಿಗ್ಗಿದೆ. ಒಂಟಿ ಜೀವಕ್ಕೆ ಒಂದು ಚಟುವಟಿಕೆ ಒದಗಿಸಿಕೊಟ್ಟೆನಲ್ಲ ಎಂದು ನನ್ನ ಬೆನ್ನನ್ನು ನಾನೇ ತಟ್ಟಿಕೊಂಡೆ. ಬೇಲಿಯ ಹತ್ತಿರ ಸಿಕ್ಕಾಗ ಉಪದೇಶವನ್ನೂ ಮಾಡಿದೆ: "ಆಂಟಿ, ಸುಮ್ನೆ ಮನೇಲಿ ಕೂತು ಬೋರ್ ಆಗಲ್ವಾ? ಏನಾದ್ರೂ ಹಾಬಿ ಇಟ್ಕೊಳ್ಳಿ. ಲೈಬ್ರರೀಲಿ ವಾಲಂಟಿಯರ್ ಮಾಡಿ, ಪುಸ್ತಕ ಜೋಡಿಸೋ ಕೆಲಸ ಕೊಡ್ತಾರೆ."

ಅವರು ಗಂಭೀರವಾಗಿ "ಯೋಚನೆ ಮಾಡ್ತೀನಿ" ಎಂದರು.

ಮುಂದಿನ ವರ್ಷ ಒಂದು ಸಂಜೆ ನಿಧಿ ಸ್ಕೂಲಿನ ಪುಸ್ತಕವೊಂದನ್ನು ಹಿಡಿದುಕೊಂಡು ಬಂದು, ಹಿಂಬದಿಯ ಫೋಟೋ ತೋರಿಸಿದಳು. ತಲೆಗೆ ಅದೇ ಹಳದಿ ಸುತ್ತು, ಅಂಚಿನಲ್ಲಿ ಇಣುಕುವ ಕೂದಲು ಮಾತ್ರ ಕಪ್ಪು. "ಅಮ್ಮಾ, ಅಬಾ ಆಂಟಿ ಈಸ್ ಲೈಕ್, ಫೇಮಸ್. ವೀ ಹ್ಯಾವ್ ಟು ರೈಟ್ ಆನ್ ಎಸ್ಸೇ ಆನ್ ಹರ್" ಎಂದಳು. ಮುಖಪುಟದ ಮೇಲೆ ಚಿನ್ನದ ಬಣ್ಣದ ಒಂದು ಗುಂಡು ಚೀಟಿ, ದೊಡ್ಡ ಪ್ರಶಸ್ತಿ ಬಂದಿದೆ ಎಂದು. ಆಂಟಿ ನಮ್ಮ ಪುಳಿಯೋಗರೆ ತಿನ್ನುತ್ತ ಒಂದು ವರ್ಷ ಪಕ್ಕದಲ್ಲೇ ಇದ್ದರು, ನಾನು ಅವರಿಗೆ ಲೈಬ್ರರಿಯಲ್ಲಿ ಪುಸ್ತಕ ಜೋಡಿಸಲು ಹೇಳಿದ್ದೆ. ನಾಚಿಕೆಯಿಂದ ಅವತ್ತು ಸಾರಿಗೆ ಉಪ್ಪನ್ನೇ ಹಾಕಲಿಲ್ಲ.

ಆಮೇಲೆ ಅವರ ಕಥೆ ಬೇಲಿಯಾಚೆಯಿಂದ ಸ್ವಲ್ಪ ಸ್ವಲ್ಪವೇ ಬಂತು. ಅವರಮ್ಮ ಮೀನು ಹೊಗೆಯಾಡಿಸಿ ಸಂತೆಯಲ್ಲಿ ಮಾರುತ್ತಿದ್ದವರು. ಮಗಳು ಓದಿ ರೇಡಿಯೋದಲ್ಲಿ ಕೆಲಸಕ್ಕೆ ಸೇರಿದಳು. ಕಡಲಿಗಿಳಿಯುವ ಬೆಸ್ತರಿಗೆ ಗಾಳಿ ಹೇಗಿದೆ, ಅಲೆ ಹೇಗಿದೆ ಎಂದು ಅವರದೇ ಭಾಷೆಯಲ್ಲಿ ಬೆಳಗಿನ ವರದಿ ಓದುವ ಕೆಲಸ. ಒಂದು ಪದ ತಪ್ಪಿದರೂ ದೋಣಿ ಮುಳುಗೀತು ಎನ್ನುವ ಭಯಕ್ಕೆ ಪ್ರತಿಯೊಂದು ವಾಕ್ಯವನ್ನೂ ಮೊದಲೇ ಗಟ್ಟಿಯಾಗಿ ಓದಿ ನೋಡುತ್ತಿದ್ದರಂತೆ. ಓದಿ ಮುಗಿಸಿದ ವರದಿಗಳ ಖಾಲಿ ಬೆನ್ನಿನ ಮೇಲೆ ಕಾದಂಬರಿ ಬರೆದರು. ಅದನ್ನು ಬಹಳ ಜನ ಬೇಡವೆಂದು ವಾಪಸ್ ಕಳಿಸಿದ ಮೇಲೆ ಯಾರೋ ಪುಣ್ಯಾತ್ಮರು ಅಚ್ಚು ಹಾಕಿದರು, ಪ್ರಶಸ್ತಿ ಬಂತು. ಆಮೇಲೆ ಅವರನ್ನು ಹಿಡಿಯುವವರಿಲ್ಲ. ದೇಶ ದೇಶಗಳಲ್ಲಿ ಭಾಷಣ, ಬೇರೆಯವರ ಪುಸ್ತಕಕ್ಕೆ ಮುನ್ನುಡಿ, ಪ್ರಶಸ್ತಿ ಸಮಿತಿಗಳಲ್ಲಿ ಕುರ್ಚಿ. ಫೇರ್‌ಫ್ಯಾಕ್ಸ್ ಕಡೆ ಒಂದು ಕಾಲೇಜಿನಲ್ಲಿ ಪ್ರೊಫೆಸರ್ ಕೆಲಸ. ಬೆಲ್ಟ್‌ವೇ ಎನ್ನುವ ರಿಂಗ್ ರೋಡಿನ ಟ್ರಾಫಿಕ್ಕಿನಲ್ಲೇ ಎಷ್ಟೋ ವರ್ಷ ಕಳೆದರಂತೆ. ಹೊಸದೇನು ಬರೆದಿರಿ ಎಂದು ಕೇಳಬೇಕೆಂದು ನನಗೆ ಹೊಳೆಯಲಿಲ್ಲ. ನಾನು ಕೇಳಿದ್ದು, ಪ್ರಶಸ್ತಿಯ ದಿನ ಊಟಕ್ಕೆ ಏನು ಕೊಟ್ಟರು ಎಂದು.

ಸುದ್ದಿ ನಮ್ಮ ಕನ್ನಡ ಕೂಟದ ಕಿವಿಗೆ ಬೀಳಲು ತಡವಾಗಲಿಲ್ಲ, ನಾನೇ ಹಾಕಿದ್ದೆ. ಅಧ್ಯಕ್ಷ ಸತೀಶ್ ಫೋನ್ ಮಾಡಿದರು.

"ಮೇಡಂ, ನಿಮ್ಮ ನೇಬರ್ ಅವಾರ್ಡ್ ವಿನ್ನಿಂಗ್ ರೈಟರ್ ಅಂತೆ? ರಾಜ್ಯೋತ್ಸವಕ್ಕೆ ಚೀಫ್ ಗೆಸ್ಟ್ ಆಗಿ ಕರ್ಕೊಂಡ್ಬಂದ್ಬಿಡಿ. ಬೆಂಗಳೂರಿಂದ ಬರ್ಬೇಕಾದೋರಿಗೆ ವೀಸಾ ಸಿಗ್ಲಿಲ್ಲ."

"ಅವರ ಪುಸ್ತಕ ಓದಿದೀರಾ ಸತೀಶ್?"

"ಶಾಲು ಆರ್ಡರ್ ಆಗ್ಬಿಟ್ಟಿದೆ ಮೇಡಂ."

ನಾನೂ ಓದಿರಲಿಲ್ಲ, ಆ ಮಾತು ಬೇರೆ. ಪರಿಚಯ ಭಾಷಣ ಮಾತ್ರ ನನ್ನದೇ. ಸ್ಕೂಲೊಂದರ ಆಡಿಟೋರಿಯಂ, ಹಳದಿ ಕೆಂಪು ಬಾವುಟ, ಹಿಂದೆ ಬಿಸಿಬಿಸಿ ಹೋಳಿಗೆಯ ಟ್ರೇಗಳು. ನಮ್ಮವರ ಸನ್ಮಾನ ನಿಮಗೆ ಗೊತ್ತಲ್ಲ. ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿತ್ತರು, ಕೊನೆಗೆ ಮೈಸೂರು ಪೇಟ. ಆಂಟಿಯ ತಲೆಯ ಮೇಲೆ ಆಗಲೇ ಒಂದು ಸುತ್ತು ಇತ್ತು. ಪೇಟ ಅದರ ಮೇಲೇ ಕೂತು, ಅವರು ಬ್ಯಾನರಿನ ತಾಯಿ ಭುವನೇಶ್ವರಿಯ ಎತ್ತರಕ್ಕೇ ಏರಿಬಿಟ್ಟರು. ನಾನು ಮೈಕ್ ಹಿಡಿದು ಅವರ ಬಾಳೆಹಣ್ಣಿನಿಂದ ಆರಂಭಿಸಿ ಕಡಲೆಕಾಯಿ ಸಾರಿನ ತನಕ ಬರುವ ಹೊತ್ತಿಗೆ ಸತೀಶ್ ಕೆಳಗಿನಿಂದ ಗಡಿಯಾರ ತೋರಿಸುತ್ತಿದ್ದರು. ಮುಖ್ಯ ಅತಿಥಿಗೆ ಉಳಿದದ್ದು ಎರಡೇ ನಿಮಿಷ. ಅವರು ಎದ್ದು ನಿಂತು ಧನ್ಯವಾದ ಹೇಳುತ್ತಿರುವಾಗಲೇ ಮುಂದಿನ ಸಾಲಿನ ಒಬ್ಬ ಅಂಕಲ್ ಕೈಯೆತ್ತಿ ಕೇಳಿದರು: "ಮೇಡಂ, ವಾಟ್ ಈಸ್ ಯುವರ್ ನೆಕ್ಸ್ಟ್ ಬುಕ್?"

ಆಂಟಿ ಬಾಯಿ ತೆರೆದರು. ಸಭೆ ಕಾಯಿತು. ಅಷ್ಟರಲ್ಲಿ ಹೋಳಿಗೆಯ ಟ್ರೇ ತೆರೆದರು, ಎಲ್ಲರೂ ಎದ್ದರು, ದೇವರು ದೊಡ್ಡವನು.

ವಾಪಸ್ ಬರುವಾಗ ಕಾರಿನಲ್ಲಿ ನಾನು, ಆಂಟಿ ಇಬ್ಬರೇ. ಪೇಟ ಕಾರಿನ ಮೇಲ್ಚಾವಣಿಗೆ ತಾಗುತ್ತಿತ್ತು, ಆದರೂ ತೆಗೆದಿರಲಿಲ್ಲ. ಕತ್ತು ಸೊಟ್ಟ ಮಾಡಿಕೊಂಡೇ ಕೂತಿದ್ದರು.

"ಬೇಜಾರಾಯ್ತಾ ಆಂಟಿ?" ಎಂದೆ.

"ಆ ಅಂಕಲ್ ಸರಿಯಾಗೇ ಕೇಳಿದ್ರು. ಆ ಪುಸ್ತಕ ಬರೆದಾಗ ನನ್ನ ಮಗ ಇನ್ನೂ ಸ್ಕೂಲ್ ಹುಡುಗ, ಈಗ ಅವನ ಮಕ್ಕಳು ಸ್ಕೂಲಿಗೆ ಹೋಗ್ತಾವೆ. ಮಧ್ಯೆ ಒಂದೂ ಪುಸ್ತಕ ಇಲ್ಲ. ಒಂದು ಪುಸ್ತಕ ಯಾರಿಗಾದ್ರೂ ಅದೃಷ್ಟದಿಂದ ಬಂದುಬಿಡಬಹುದು ಸಿಸ್ಟರ್. ನಾನು ಬರಹಗಾರ್ತಿನೋ, ಬರೀ ಅದೃಷ್ಟವಂತೆನೋ, ಸಾಯೋದ್ರೊಳಗೆ ನಂಗೆ ಗೊತ್ತಾಗ್ಬೇಕು. ಅದಕ್ಕೇ ಎಲ್ಲಾ ಬಿಟ್ಟು ಯಾರೂ ಗುರುತು ಹಿಡಿಯದ ಈ ಊರಿಗೆ ಬಂದೆ. ಈ ಲೀಸ್ ಮುಗಿಯೋದ್ರೊಳಗೆ ಬರೆದ್ರೆ ಸರಿ. ಇಲ್ಲಾಂದ್ರೆ ದೂರದ ಸುವಾನಿಯಲ್ಲಿರೋ ಮಗನ ಮನೆಗೆ ಹೋಗಿ ಮೊಮ್ಮಕ್ಕಳನ್ನ ನೋಡ್ಕೊಂಡಿರ್ತೀನಿ ಅಂತ ಅವನಿಗೆ ಮಾತು ಕೊಟ್ಟಿದೀನಿ."

"ಬರೀರಿ ಮತ್ತೆ! ಇಷ್ಟು ದಿನ ಏನ್ ಮಾಡ್ತಿದ್ರಿ?" ನನಗೆ ನಿಜಕ್ಕೂ ಕೋಪ ಬಂದಿತ್ತು.

ಅವರು ನನ್ನ ಕಡೆ ತಿರುಗಿದರು. ಪೇಟ ಕರ್ರೆಂದು ಉಜ್ಜಿತು. "ನಿನ್ನ ಡಬ್ಬಿ ತುಂಬಿಸ್ತಿದ್ದೆ" ಎಂದರು.

ಸಿಗ್ನಲ್ ಹಸಿರಾದರೂ ನಾನು ಕಾರು ಎತ್ತಲಿಲ್ಲ. ಹಿಂದಿನವನು ಹಾರ್ನ್ ಹೊಡೆದ. ಬೆಳಿಗ್ಗೆ ಬರೆಯಲು ಕೂತರೆ ಅಡುಗೆಕಟ್ಟೆಯ ಮೇಲಿನ ಡಬ್ಬಿ ಕಣ್ಣಿಗೆ ಬೀಳುತ್ತಿತ್ತಂತೆ. ಬಾಳೆ ತರಬೇಕು, ನೆನೆಹಾಕಬೇಕು, ಸೀಗಡಿ ಸೋಕದ ಪಾತ್ರೆ ತೊಳೆಯಬೇಕು. ಕಳಿಸಿ ಉಸ್ಸೆಂದು ಕೂತರೆ ಮರುದಿನವೇ ನಾನು ಹಲ್ಲು ಕಿರಿಯುತ್ತ ಮತ್ತೆ ಹಾಜರ್. ಪಕ್ಕದ ಮನೆಯಲ್ಲಿ ಕೂತು ಒಂದು ದೇಶದ ಸಾಹಿತ್ಯಕ್ಕೇ ಬಿಸಿಬೇಳೆಬಾತ್ ಸುರಿಯುತ್ತಿದ್ದೆ ನಾನು.

"ಖಾಲಿ ವಾಪಸ್ ಕೊಡ್ಬೇಕಿತ್ತು ಆಂಟಿ!"

"ನಮ್ಮಮ್ಮ ಗೋರಿಯಿಂದ ಎದ್ದು ಬರ್ತಾಳೆ" ಎಂದರು. ಅವರ ಕಡೆಯೂ ಹಾಗೇ ಅಂತೆ, ಬರಿದಾದ ಬಟ್ಟಲು ಕಳಿಸಿದರೆ ಮನೆತನದ ಮರ್ಯಾದೆ ಹೋಯಿತು. ಸಮುದ್ರದ ಆಚೆ ದಡದಲ್ಲಿ ಒಬ್ಬ ತಾಯಿ, ಮೈಸೂರಿನಲ್ಲಿ ಒಬ್ಬ ತಾಯಿ, ಇಬ್ಬರೂ ಸೇರಿ ನಾರ್ತ್ ಕೆರೊಲಿನಾದಲ್ಲಿ ಒಂದು ಕಾದಂಬರಿಯ ಕತ್ತು ಹಿಸುಕುತ್ತಿದ್ದರು.

ನಿಲ್ಲಿಸಲು ಏನೇನೋ ಮಾಡಿದೆವು. ಮೊಸರಿನ ಪ್ಲಾಸ್ಟಿಕ್ ಡಬ್ಬದಲ್ಲಿ ಕೊಟ್ಟು "ಬಿಸಾಕ್ಬಿಡಿ" ಎಂದೆ. ಅವರು ಅದನ್ನೂ ತೊಳೆದು ತುಂಬಿಸಿ ತಂದರು. ಕಳಿಸುವುದನ್ನೇ ಬಿಡುತ್ತೇನೆ ಎಂದು ಆಣೆ ಮಾಡಿದೆ. ಮೂರನೆಯ ದಿನ ಹಯಗ್ರೀವ ಮಾಡಿದಾಗ ಕೈ ತಾನಾಗಿ ಡಬ್ಬಿ ತೆಗೆಯಿತು. ನನಗೆ ಇದು ಕಾಯಿಲೆ, ವಾಸಿಯಾಗುವಂಥದ್ದಲ್ಲ. ಕೊನೆಗೆ ಪರಿಹಾರ ಹೇಳಿದವಳು ನಿಧಿ, ಫೋನಿನಿಂದ ಕಣ್ಣೆತ್ತದೆ: "ಅಮ್ಮಾ, ಎಂಪ್ಟಿ ಅಂದ್ರೆ ಷೀ ವ್ರೋಟ್. ಫುಲ್ ಅಂದ್ರೆ ಷೀ ಡಿಡಿಂಟ್. ಈಸಿ."

ಹಾಗೇ ಒಪ್ಪಂದವಾಯಿತು. ಡಬ್ಬಿ ಖಾಲಿ ಬಂದರೆ ಆಂಟಿ ಬರೆದಿದ್ದಾರೆ ಎಂದು ಅರ್ಥ. ತುಂಬಿ ಬಂದರೆ ಬರೆಯದೆ ಅಡುಗೆ ಮಾಡಿದ್ದಾರೆ. ಮೊದಲ ಸಲ ಖಾಲಿ ಬಂದಾಗ ಯಾರೋ ಕೆನ್ನೆಗೆ ಹೊಡೆದ ಹಾಗೆ ಆಯಿತು, ಹುಟ್ಟುಗುಣ ಎಲ್ಲಿಗೆ ಹೋಗಬೇಕು! ಮರುಕ್ಷಣ ನೆನಪಾಗಿ "ರಘೂ, ಖಾಲಿ!" ಎಂದು ಕಿರುಚಿದೆ. ರಘು ಬಾಳೆಹಣ್ಣಿಗಾಗಿ ಕಾದು ಕೂತಿದ್ದವನು ಮುಖ ಇಳಿಬಿಟ್ಟ. ಸಾಹಿತ್ಯಕ್ಕಾಗಿ ನಮ್ಮ ಮನೆಯಲ್ಲಿ ತ್ಯಾಗ ಮಾಡಿದವನು ಅವನೊಬ್ಬನೇ.

ಆ ಚಳಿಗಾಲವೆಲ್ಲ ನಮ್ಮಿಬ್ಬರ ನಡುವಿನ ಗೋಡೆ ಮಾತಾಡಿತು. ರೇಡಿಯೋದ ಹಳೆಯ ಅಭ್ಯಾಸ, ಆಂಟಿ ಬರೆದದ್ದನ್ನು ಗಟ್ಟಿಯಾಗಿ ಓದುತ್ತಾರೆ. ಒಂದು ವಾಕ್ಯ ಓದುವುದು, ನಿಲ್ಲಿಸುವುದು, ಮತ್ತೆ ಅದನ್ನೇ ಓದುವುದು. ಪಾತ್ರೆ ತೊಳೆಯುತ್ತ ನಾನು ಕೇಳುತ್ತಿದ್ದೆ. ಮೊದಮೊದಲು ಅರ್ಥವಾಗದೆ, ಓದಿದ್ದನ್ನೇ ಓದುತ್ತಾರಲ್ಲ, ಮರೆವಿನ ಕಾಯಿಲೆಯೇ ಎಂದು ಹೆದರಿದ್ದೂ ಉಂಟು. ಅವರ ಓದು ಕೇಳುತ್ತಿದ್ದಷ್ಟು ಹೊತ್ತು ಮಿಕ್ಸಿ ಹಾಕುತ್ತಿರಲಿಲ್ಲ. ಹಾಗಾಗಿ ನಮ್ಮ ಮನೆಯಲ್ಲಿ ದೋಸೆಗೆ ಚಟ್ನಿಪುಡಿಯೇ ಗತಿಯಾಯಿತು.

ಲೀಸ್ ಮುಗಿಯುವ ಮುಂಚೆಯೇ ಪುಸ್ತಕ ಮುಗಿಯಿತು. ಲೀಸ್ ಮುಂದುವರಿಯಿತು, ಸುವಾನಿಯ ಮಗ ಸುಮ್ಮನಾದ. ಅಚ್ಚಾಗಿ ಬಂದಾಗ ಮೊದಲ ಪ್ರತಿ ನನಗೇ ಕೊಟ್ಟರು. ಜೀವನದಲ್ಲಿ ನಾನು ಪೂರ್ತಿ ಓದಿದ ಮೊದಲ ಇಂಗ್ಲಿಷ್ ಕಾದಂಬರಿ ಅದು. ಓದಿದ್ದು ಭಕ್ತಿಯಿಂದಲ್ಲ, ಅದರಲ್ಲಿ ನಾನೆಲ್ಲಿದ್ದೇನೆ ಎಂದು ಹುಡುಕಲು. ಪುಟ ಪುಟ ತಿರುವಿದರೂ ನಾನಿಲ್ಲ! ಕೊನೆಯ ಹೊತ್ತಿಗೆ ಸಮುದ್ರದ ದಡದ ಒಂದು ಗುಡಿಸಿಲಿನಲ್ಲಿ ಒಂದು ಸ್ಟೀಲ್ ಡಬ್ಬಿ ಬಂತು, ಮುಚ್ಚಳದ ಮೇಲೆ ಯಾರಿಗೂ ಓದಲು ಬಾರದ ಲಿಪಿಯ ಚುಕ್ಕಿಗಳು. ನಮ್ಮಮ್ಮನ ಹೆಸರು! ಅಮ್ಮ ಹೋಗಿ ಎಷ್ಟೋ ವರ್ಷವಾಗಿತ್ತು. ಆ ಪುಟದ ಮೇಲೆ ಕೈಯಿಟ್ಟುಕೊಂಡು ಅತ್ತುಬಿಟ್ಟೆ. ಆಮೇಲೆ ಕಣ್ಣೊರೆಸಿಕೊಂಡು ಜಗಳಕ್ಕೆ ಹೋದೆ.

"ಡಬ್ಬಿ ಹಾಕಿದೀರಿ, ನನ್ನ ಯಾಕೆ ಹಾಕ್ಲಿಲ್ಲ?"

"ನಿನ್ನ ಹಾಕಿದ್ರೆ ಬೇರೆ ಯಾರಿಗೂ ಮಾತಾಡೋಕೆ ಚಾನ್ಸ್ ಸಿಗ್ತಿರ್ಲಿಲ್ಲ" ಎಂದರು.

ಆ ಪುಸ್ತಕಕ್ಕೆ ಪ್ರಶಸ್ತಿ ಬರಲಿಲ್ಲ. ಒಂದು ದೊಡ್ಡ ಬಹುಮಾನದ ಕೊನೆಯ ಸುತ್ತಿನ ತನಕ ಹೋಯಿತು, ಬಹುಮಾನ ಬೇರೆ ಯಾರಿಗೋ ಒಲಿಯಿತು. ಸಮಾಧಾನ ಹೇಳಲು ಕೇಸರಿಬಾತ್ ಹಿಡಿದು ಹೋದರೆ ಆಂಟಿ ಹಾಡು ಹಾಕಿಕೊಂಡು ನೆಲ ಒರೆಸುತ್ತಿದ್ದರು. "ಸಿಸ್ಟರ್, ಅದೃಷ್ಟ ಕೈಕೊಟ್ಟಿತು, ಪುಸ್ತಕ ನಿಂತಿತು. ಈಗ ಗೊತ್ತಾಯ್ತು ನಾನ್ಯಾರು ಅಂತ" ಎಂದು ನನ್ನ ಕೈಹಿಡಿದು ಒಂದು ಸುತ್ತು ಕುಣಿಸಿಬಿಟ್ಟರು. ಸೋತವರು ಹೀಗೆ ಕುಣಿಯುವುದನ್ನು ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಈ ಹೊತ್ತು ಕಾಫಿ ಆರಿಸಿಕೊಂಡು ಕಿಟಕಿಯಲ್ಲಿ ನಿಂತಿರುತ್ತಿರಲಿಲ್ಲ. ಮೂರನೆಯ ಪುಸ್ತಕ ಶುರುವಾಗಲೇ ಇಲ್ಲ. ಹೋದ ಯುಗಾದಿಯಿಂದ ಡಬ್ಬಿ ತುಂಬಿಯೇ ಬರುತ್ತಿದೆ. ಬಾಳೆ ಬರುತ್ತದೆ, ಅಲಸಂದೆ ಅನ್ನ ಬರುತ್ತದೆ, ಒಂದಕ್ಕಿಂತ ಒಂದು ರುಚಿ. ನನ್ನ ಪಾಲನ್ನೂ ರಘುವಿನ ತಟ್ಟೆಗೇ ಬಡಿಸಿಬಿಡುತ್ತೇನೆ. ಗೋಡೆಯಾಚೆ ಬರೀ ಸೌಟಿನ ಸದ್ದು. ಲೀಸ್ ಮತ್ತೆ ಮುಗಿಯುತ್ತ ಬಂದಿದೆ, ಬರೆಯದಿದ್ದರೆ ಹೊರಡುವೆನೆಂಬ ಹಳೆಯ ಮಾತು ಹಾಗೇ ಇದೆ. ಮೊನ್ನೆ ಮಗ ಸುವಾನಿಯಿಂದ ಬಂದು ರೂಮುಗಳ ಅಳತೆ ತೆಗೆದುಕೊಂಡು, ಯಾವ ಸಾಮಾನು ಟ್ರಕ್ಕಿಗೆ ಎಂದು ಲೆಕ್ಕ ಹಾಕಿಕೊಂಡು ಹೋದ. ನಿಧಿ ಕಾಲೇಜಿಗೆ ಹೋದ ಮೇಲೆ ಈ ಬೀದಿಯಲ್ಲಿ ನನಗೆ ಅಂತ ಇರುವುದು ಇವರೊಬ್ಬರೇ. ಇವರೂ ಹೋದರೆ ಈ ಡಬ್ಬಿಯನ್ನು ಯಾರಿಗೆ ಕೊಡಲಿ? ಮೊನ್ನೆ ಗುರುವಾರ ಏನೂ ಹೇಳದೆ ಬಿಸಿಬೇಳೆಬಾತ್ ಕೊಟ್ಟು ಬಂದಿದ್ದೆ, ಮೊದಲ ದಿನದ್ದೇ ಅಡುಗೆ, ಮೇಲೆ ಅಷ್ಟೇ ತುಪ್ಪ.

ಸರಿ, ಎಷ್ಟು ಹೊತ್ತು ಹೀಗೇ ನಿಲ್ಲುವುದು. ಬಾಗಿಲು ತೆಗೆದೆ. ಬಗ್ಗಿ ಎರಡೂ ಕೈ ಹಾಕಿ, ಭಾರ ಇದ್ದೀತೆಂದು ಬಲ ಹಾಕಿ ಎತ್ತಿದೆ.

ಡಬ್ಬಿ ಸರಕ್ಕನೆ ಎದೆಯ ತನಕ ಹಾರಿ ಬಂತು. ಏನೂ ಭಾರವಿಲ್ಲ. ಮುಚ್ಚಳ ತೆಗೆದರೆ ಒಳಗೆ ಒಂದು ಕಾಳು ಸಕ್ಕರೆಯೂ ಇಲ್ಲ, ನನ್ನ ಮುಖವೇ ಕಾಣುವಷ್ಟು ಫಳಫಳ.

ಒಳಗೆ ಬಂದು ಅಡುಗೆಕಟ್ಟೆಯ ಮುಂದೆ ನಿಂತೆ. ಮಿಕ್ಸಿಯಲ್ಲಿ ಕಾಯಿ, ಹುರಿಗಡಲೆ, ಹಸಿಮೆಣಸಿನಕಾಯಿ ಹಾಕಿಟ್ಟದ್ದು ಹಾಗೇ ಇತ್ತು. ಗೋಡೆಯಾಚೆ ಒಂದು ಧ್ವನಿ, ಸ್ವಲ್ಪ ಕಟ್ಟಿದ ಗಂಟಲು, ಒಂದು ವಾಕ್ಯ ಓದಿತು. ನಿಲ್ಲಿಸಿತು. ಮತ್ತೆ ಓದಿತು.

ಮಹಡಿಯಿಂದ ರಘು ಇಳಿದು ಬಂದ. "ದೋಸೆಗೆ ಚಟ್ನಿ ಎಲ್ಲೇ?"

"ಶ್! ಚಟ್ನಿಪುಡೀಲೇ ತಿನ್ನು."

ಅವನು ನನ್ನ ಕೈಯಲ್ಲಿದ್ದ ಡಬ್ಬಿಯೊಳಗೆ ಇಣುಕಿ ನೋಡಿದ. ಕುರ್ಚಿಯನ್ನು ಸದ್ದಾಗದ ಹಾಗೆ ಎತ್ತಿ ಇಟ್ಟುಕೊಂಡು ಕೂತ. ಗೋಡೆಯಾಚೆ ಅದೇ ವಾಕ್ಯ ಮೂರನೆಯ ಸಲ ಬಂತು. ಈ ಸಲ ಒಂದು ಪದ ಬೇರೆಯಿತ್ತು. ನಾನು ಡಬ್ಬಿಯನ್ನು ಎದೆಗೊತ್ತಿಕೊಂಡು ಕೇಳಿದೆ. ಹೌದು, ಈ ಪದವೇ ಸರಿ.